ಸಕ್ಕರೆ ಆನೆಗೆ ಹೆದರಿದ ಗುರುಬಸವ

ಗುರುಬಸವನಿಗೆ ಹೆದರಿಕೆ ಹೊಕ್ಕಿದ್ದು ಅಣ್ಣನ ಪಾದ ಹೋದ ಮೇಲೆ. ಯಾದಗಿರಿಯಲ್ಲಿದ್ದ ಆ ಅಣ್ಣ, ಮಲ್ಲಣ್ಣ, ಮೊದಲು ದಪ್ಪಗಾದ, ಆಮೇಲೆ ಸಕ್ಕರೆ ಕಾಯಿಲೆ ಅಂಟಿಸಿಕೊಂಡ, ಕೊನೆಗೆ ಆಸ್ಪತ್ರೆಯಲ್ಲಿ ಪಾದ ಕತ್ತರಿಸಿಕೊಂಡು ಬಂದ. ಅವನನ್ನು ನೋಡಿಕೊಂಡು ಹೈದರಾಬಾದಿಗೆ ಮರಳಿದ ದಿನವೇ ಗುರುಬಸವ ಮನೆಯ ಸಕ್ಕರೆ ಡಬ್ಬಿಯನ್ನು ಹೆಂಡತಿಯ ಬಂಗಾರದ ಪಕ್ಕದಲ್ಲಿಟ್ಟು ಬೀಗ ಹಾಕಿದ. ಅವನ ಒಬ್ಬಳೇ ಮಗಳು, ಐದನೇ ಕ್ಲಾಸಿನ ಪಿಂಕಿ, ಗುಂಡುಗುಂಡಾಗಿದ್ದಳು.

ಹೈದರಾಬಾದಿನ ಬಾಲಾನಗರದ ಕಾರ್ಖಾನೆಯೊಂದರಲ್ಲಿ ಅವನ ಕೆಲಸವೇ ಅಳೆಯುವುದು. ಬಿಡಿಭಾಗ ಕೂದಲೆಳೆಯಷ್ಟು ಹೆಚ್ಚು ದಪ್ಪವಿದ್ದರೂ ವಾಪಸು. ಅದೇ ಚಟಕ್ಕೆ ಊಟಕ್ಕೆ ಮುಂಚೆ ಮಗಳ ಸೊಂಟಕ್ಕೂ ಟೇಪು ಹಿಡಿಯತೊಡಗಿದ. ಹೆದರಿಕೆ ಮಾತ್ರ ಅಳತೆ ಮೀರಿತ್ತು.

"ಸಕ್ಕರಿದೇನು ತಪ್ಪೋ?" ಕಾರ್ಖಾನೆಯ ಗೆಳೆಯ ಶರಣಕುಮಾರ ವಾದಕ್ಕೆ ನಿಲ್ಲುತ್ತಿದ್ದ. "ನಮ್ಮಜ್ಜ ದಿನಾ ಮುಂಜಾನೆ ಸಕ್ಕರಿ ಮುಕ್ಕತಿದ್ದ. ಕಟಗಿ ಇದ್ದಂಗ ಇದ್ದ. ಈಗಿನ ಹುಡುಗ್ರು ಮೊಬೈಲ್ ಹಿಡಕೊಂಡು ಕುಂತಲ್ಲೇ ಕುಂದರತಾವ, ಅದಕ್ಕ ಊದತಾವ."

"ನಿಮ್ಮಜ್ಜ ಹೊಲಾ ಹೊಡೀತಿದ್ದ. ನನ್ನ ಮಗಳು ಆಟೋದಾಗ ಸಾಲಿಗೆ ಹೋಗತಾಳ."

"ಮತ್ತ ನಾ ಏನು ಹೇಳಾಕತ್ತೀನಿ?"

ಇಬ್ಬರದೂ ತೂಕದ ಮಾತೇ. ಶರಣಕುಮಾರನ ತೂಕವೇ ತೊಂಬತ್ತು ದಾಟಿದ್ದರಿಂದ ಗುರುಬಸವನಿಗೆ ಸಮಾಧಾನವಾಗುತ್ತಿರಲಿಲ್ಲ.

ಅಷ್ಟರಲ್ಲಿ ಗೌರಿ ಹುಣ್ಣಿಮೆ ಬಂತು. ನಮ್ಮ ಕಡೆ ಹೆಣ್ಣುಮಕ್ಕಳು ತಟ್ಟೆಯಲ್ಲಿ ಸಕ್ಕರೆಯ ಆನೆ, ನವಿಲು ಇಟ್ಟು ಗೌರಿಗೆ ಆರತಿ ಬೆಳಗಿ, ಆಮೇಲೆ ಆ ಗೊಂಬೆಗಳನ್ನು ಹಂಚಿ ತಿನ್ನುವ ಹಬ್ಬ.

"ಈ ಸಲ ಬ್ಯಾಡ," ಎಂದ ಗುರುಬಸವ.

"ಗೌರಿಗೂ ಶುಗರ್ ಟೆಸ್ಟ್ ಮಾಡಸ್ತೀರೇನ್ರೀ?" ಎಂದು ಹೆಂಡತಿ ಸ್ನೇಹಲತಾ ಗೊಂಬೆ ತಂದೇಬಿಟ್ಟಳು.

ಆರತಿ ಮುಗಿಯಿತು. ಗುರುಬಸವ ನೋಡಿದರೆ ತಟ್ಟೆ ಖಾಲಿ.

"ಹಂಚಿಬಿಟ್ಟೆ," ಎಂದಳು ಪಿಂಕಿ.

ಕೆಲವು ದಿನಗಳ ಮೇಲೆ ಇರುವೆಯ ಸಾಲೊಂದು ಪಿಂಕಿಯ ಮಂಚದ ಕಡೆ ಹೊರಟಿತ್ತು. ಕದ್ದು ತಿಂದಿದ್ದಾಳೆ! ಗುರುಬಸವ ಇರುವೆಗಳ ಹಿಂದೆಯೇ ಹೋದ. ಮಂಚದ ಕೆಳಗೆ ಬಗ್ಗಿ ನೋಡಿದ. ಆನೆ, ನವಿಲು ಎಲ್ಲ ಇದ್ದವು, ಒಂದಕ್ಕೂ ಹಲ್ಲು ತಾಗಿರಲಿಲ್ಲ. ಅವುಗಳ ಪಕ್ಕ, ಓದುತ್ತಾ ತಿನ್ನುತ್ತೇನೆಂದು ಅವಳು ಕೋಣೆಗೆ ಒಯ್ಯುತ್ತಿದ್ದ ರೊಟ್ಟಿಗಳು, ಮಡಚಿದಲ್ಲೇ ಒಣಗಿ ಕಟಕಟ ಆಗಿದ್ದವು.

"ರೊಟ್ಟಿ ಯಾಕ ತಿಂದಿಲ್ಲವ್ವಾ?" ಎಂದು ಪಿಂಕಿಯನ್ನು ಕರೆದು ಕೇಳಿದ.

"ದಪ್ಪ ಆದ್ರ ದೊಡ್ಡಪ್ಪನಂಗ ನನ್ನ ಕಾಲೂ ಕಡೀತಾರಲ್ಲಪ್ಪಾ."

"ಮತ್ತ ಗೊಂಬಿ? ಹಂಚೀನಿ ಅಂದಿದ್ದಿಯಲ್ಲ?"

ಪಿಂಕಿ ಬಿಕ್ಕಿದಳು. "ಹಂಚಿದ್ರ ಅವ್ವ ತಿಂತಿದ್ಲು. ನೀನೂ ತಿಂತಿದ್ದಿ. ಎಲ್ಲಾರ ಕಾಲೂ ಹೋಗತಿದ್ವು."

ಗುರುಬಸವ ಅವಳ ಮುಖ ಎತ್ತಿ ಹಿಡಿದ. ಅವಳ ಕಣ್ಣು ಗುಳಿಬಿದ್ದದ್ದು ಅವನಿಗೆ ಈಗ ಕಂಡಿತು. ಟೇಪಿನಲ್ಲಿ ಅಂಕಿ ಇಳಿಯುತ್ತಿದ್ದಾಗ ಅವನು ಒಳಗೊಳಗೇ ಹಿಗ್ಗಿದ್ದ.

ಸ್ನೇಹಲತಾ ಬಿಸಿ ರೊಟ್ಟಿ ತಂದಳು. ಊಟ ಕಂಡ ಕೂಡಲೇ ಪಿಂಕಿ ಎದ್ದು ನಿಂತು, ರೂಢಿಯಂತೆ, ಟೇಪಿಗಾಗಿ ಎರಡೂ ಕೈ ಮೇಲೆತ್ತಿದಳು. ಗುರುಬಸವ ಒಂದು ತುತ್ತು ಮುರಿದು ಅವಳ ಬಾಯಿಯ ಹತ್ತಿರ ಹಿಡಿದ. ಅವಳು ಒಮ್ಮೆ ತನ್ನ ಪಾದಗಳನ್ನು ನೋಡಿಕೊಂಡಳು. ಆಮೇಲೆ ಬಾಯಿ ತೆರೆದಳು.