ಡ್ರೈವಿಂಗ್ ಬಾರದ ಹುಡುಗಿಗೆ ಕಾರು

ಬಿ.ಸಿ. ರೋಡಿನ ಸರ್ಕಲ್ಲಿನಲ್ಲಿ ಬಸ್ಸು, ಲಾರಿ, ರಿಕ್ಷಾಗಳು ಒಂದರ ಮೂತಿಗೆ ಇನ್ನೊಂದು ಮೂತಿ ಇಟ್ಟು ಹಾರ್ನ್ ಬಾರಿಸುವ ಹೊತ್ತಿನಲ್ಲಿ, ನಟ್ಟನಡುವೆ ಬಿಳಿ ಬಣ್ಣದ ಹಳೇ ಮಾರುತಿಯೊಂದು ಬಂದ್ ಆಗಿ ನಿಂತು, ಅದರೊಳಗಿಂದ "ಬ್ರೇಕು ನಿನ್ನ ಕಾಲಿನ ಕೆಳಗೆ ಉಂಟು ಮಾರಾಯ್ತಿ, ದೇವರ ಕೈಯಲ್ಲಿ ಅಲ್ಲ!" ಎಂಬ ಕೂಗು ಕೇಳಿಸಿದರೆ ಯಾರೂ ಬೆಚ್ಚಿಬೀಳುವುದಿಲ್ಲ. ಸರಸಕ್ಕ ಪಾಠ ಮಾಡುತ್ತಿದ್ದಾಳೆ ಎಂದು ತಿಳಿದುಕೊಂಡು ಪಕ್ಕದಿಂದ ಹೋಗುತ್ತಾರೆ. ಬಂಟ್ವಾಳದ ಟೀಚರಮ್ಮಂದಿರು, ನರ್ಸುಗಳು, ಗಲ್ಫಿನಲ್ಲಿ ಗಂಡಂದಿರಿರುವ ಬ್ಯಾರಿ ಮುಸ್ಲಿಂ ಹೆಂಗಸರು, ಸೊಸೈಟಿಯಲ್ಲಿ ಕೆಲಸ ಮಾಡುವ ಹುಡುಗಿಯರು, ಎಲ್ಲರೂ ಅವಳ ಬೈಗುಳ ತಿಂದೇ ಲೈಸೆನ್ಸ್ ತೆಗೆದುಕೊಂಡವರು. ಗಂಡಸರಿಗೆ ಅವಳು ಕಲಿಸುವುದಿಲ್ಲ. ಅವರಿಗೆ ಹುಟ್ಟುವಾಗಲೇ ಎಲ್ಲ ಬರುತ್ತದಂತೆ, ಕಲಿಸುವುದು ಎಂತದನ್ನು ಎಂದು ಕೇಳುತ್ತಾಳೆ.

ಈ ಶಾಲೆ ಹುಟ್ಟಿದ್ದೇ ಸಿಟ್ಟಿನಿಂದ. ಗಂಡ ಕುವೈತಿನಲ್ಲಿ, ಮನೆಯಲ್ಲಿ ಉಬ್ಬಸದ ಅತ್ತೆ, ಅಂಗಳದಲ್ಲಿ ಗಂಡ ರಜೆಯಲ್ಲಿ ಬಂದಾಗ ಮಾತ್ರ ಓಡುವ ಕಾರು. ಒಂದು ಮಳೆಗಾಲದಲ್ಲಿ ನೇತ್ರಾವತಿಯ ನೀರು ಪೇಟೆಗೆ ನುಗ್ಗಿತ್ತು, ಅತ್ತೆಗೆ ಉಸಿರು ಕಟ್ಟಿತ್ತು, ಕಾರಿನ ಕೀಲಿ ಸರಸನ ಕೈಯಲ್ಲೇ ಇತ್ತು. ಕೀಲಿ ಹಿಡಿದುಕೊಂಡು ಅವಳು ರಿಕ್ಷಾದವರ ಕಾಲು ಹಿಡಿಯುತ್ತಾ ಓಡಿದಳು. ಅತ್ತೆ ಹೇಗೋ ಬದುಕಿಕೊಂಡರು. ಮರುದಿನವೇ ಸರಸ ಡ್ರೈವಿಂಗ್ ಕಲಿಯಲು ಹೋದರೆ, ಕಲಿಸುವವನು ಹಲ್ಲು ಕಿರಿದು "ಅಕ್ಕ, ನಿಮಗೆ ಸ್ಕೂಟಿ ಸಾಕಲ್ವಾ" ಎಂದ. ಆ ಹಲ್ಲುಕಿರಿತಕ್ಕೆ ಉತ್ತರವಾಗಿ ಅವಳು ಕಾರೂ ಕಲಿತಳು, ಕಲಿಸುವ ಪರವಾನಗಿಯನ್ನೂ ಪಡೆದಳು, ಅವನ ಶಾಲೆಯ ಎದುರೇ ತನ್ನ ಬೋರ್ಡು ಹಾಕಿದಳು.

ಮಗಳು ಸುರಕ್ಷಾ ಆ ಮಾರುತಿಯಲ್ಲೇ ಬೆಳೆದಳು. ಕಾಲೇಜಿಗೆ ಹೋಗುವಾಗಲೇ ಲೈಸೆನ್ಸ್ ಮಾಡಿಸಿಕೊಂಡು, ರಜೆಯಲ್ಲಿ ಅಮ್ಮನ ಜೊತೆ ತಾನೂ ಪಾಠ ಹೇಳಿದಳು. ತಾಯಿ ಬೈದು ಅಳಿಸಿದವರನ್ನು ಮಗಳು ಸಮಾಧಾನ ಮಾಡಿ ಕಲಿಸುತ್ತಿದ್ದಳು. ಈಗ ಅವಳು ಮೂಡುಬಿದಿರೆಯ ಕಾಲೇಜೊಂದರಲ್ಲಿ ಕಾಮರ್ಸ್ ಲೆಕ್ಚರರ್. ಅಳದಂಗಡಿಯಿಂದ ಅವಳಿಗೊಂದು ಸಂಬಂಧ ಬಂತು. ಹುಡುಗ ಲತೇಶ್, ಬೆಳ್ತಂಗಡಿಯಲ್ಲಿ ಹಾರ್ಡ್‌ವೇರ್ ಅಂಗಡಿ. ತಂದೆ ದಯಾನಂದ ಶೆಟ್ಟರಿಗೆ ರಬ್ಬರ್ ತೋಟ, ದೊಡ್ಡ ಗಂಟಲು. ಹುಡುಗ ಹುಡುಗಿ ಒಬ್ಬರನ್ನೊಬ್ಬರು ಮೆಚ್ಚಿಕೊಂಡರು.

ಬಂಟರ ಮನೆಯಲ್ಲಿ ಹೆಣ್ಣಿನ ಮದುವೆಯ ಮಾತನ್ನು ಸೋದರಮಾವನೇ ಆಡಬೇಕು. ಸರಸನ ಅಣ್ಣ ಮುಂಡಪ್ಪ ಶೆಟ್ಟರು ಬೆಳುವಾಯಿಯವರು, ಮುಂಬಯಿಯಲ್ಲಿ ಹೋಟೆಲು ನಡೆಸಿ ಬಂದವರು. ಮಾತು ಆಡಲು ಕೂರಿಸಿದರೆ ಸಾಕು, ಮಾತು ಕೊಟ್ಟೇ ಏಳುವ ಜಾತಿ. ಗಂಡಿನವರು ಮಾತುಕತೆಗೆ ಬಂದ ದಿನ ಸರಸ ಒಳಗೆ ಕಾಫಿ ಸೋಸುತ್ತಿದ್ದಾಗ ಚಾವಡಿಯಿಂದ ಅಣ್ಣನ ಸ್ವರ ಕೇಳಿಸಿತು. "ಕಾರಿನ ವಿಷಯ ನೀವು ತಲೆಬಿಸಿ ಮಾಡ್ಬೇಡಿ ದಯಾನಂದಣ್ಣ. ಪೆಟ್ರೋಲಿನದ್ದೋ, ಕರೆಂಟಿನದ್ದೋ, ಅದು ಮಾತ್ರ ಹೇಳಿ."

ಗಂಡಿನವರು ಕಾರು ಕೇಳಿರಲಿಲ್ಲ! ಯಾರೂ ಕೇಳದ ಕಾರನ್ನು, ತನ್ನ ಮರ್ಯಾದೆ ಒಂದು ಗೇಣು ಎತ್ತರ ಕಾಣಲಿ ಎಂದು, ತಂಗಿಯ ಗಂಡನ ಕುವೈತಿನ ಬೆವರಿನಿಂದ ಈ ಪುಣ್ಯಾತ್ಮ ದಾನ ಮಾಡಿ ಆಗಿತ್ತು. ಸರಸನ ಮೈಯೆಲ್ಲ ಉರಿಯಿತು. ಅವತ್ತು ಸಂಜೆ ಅವರೆಲ್ಲ ಹೋದ ಮೇಲೆ ಅಣ್ಣನನ್ನು ಎಳೆದು ಕೂರಿಸಿ ಕೇಳಿದಳು.

"ಯಾರನ್ನು ಕೇಳಿ ಹೇಳಿದ್ದು ನೀನು?"

"ಕೇಳ್ಲಿಕ್ಕೆ ಎಂತ ಉಂಟು? ನಾನು ಮಾವ ಅಲ್ವಾ? ಕುಟುಂಬದಲ್ಲಿ ಎಲ್ಲರೂ ಕೊಡ್ತಾರೆ. ನಮ್ಮ ಹುಡುಗಿ ಬರೀಗೈಯಲ್ಲಿ ಹೋಗುವುದಾ?"

ಕುವೈತಿಗೆ ಫೋನ್ ಮಾಡಿದರೆ ಗಂಡ, "ಮುಂಡಪ್ಪಣ್ಣ ಹೇಳಿದ ಮೇಲೆ ಆಯ್ತಲ್ಲ, ಇನ್ನು ಜಗಳ ಬೇಡ" ಎಂದು ಬಿಟ್ಟ. ಅಳಿಯಕಟ್ಟು ಎಂದರೆ ಮನೆ ಹೆಣ್ಣಿನದು, ಆಸ್ತಿ ಹೆಣ್ಣಿನದು ಎಂದು ಊರಿಡೀ ಭಾಷಣ ಮಾಡುವವರೆಲ್ಲ, ಬಾಯಿ ತೆರೆಯುವ ಹಕ್ಕನ್ನು ಮಾತ್ರ ಮಾವನಿಗೇ ಇಟ್ಟುಕೊಂಡಿದ್ದಾರೆ. ಸರಸ ಕೊನೆಗೆ ಒಂದೇ ಮಾತು ಹೇಳಿದಳು. "ಕೊಡುವುದಾದರೆ ಕಾರು ಸುರಕ್ಷಾಳ ಹೆಸರಿಗೆ. ಸ್ಟೇರಿಂಗ್ ಅವಳ ಕೈಯಲ್ಲಿ. ಇದಕ್ಕೆ ಒಪ್ಪಿದರೆ ಕೊಡುವ, ಇಲ್ಲದಿದ್ದರೆ ನಿನ್ನ ಮಾತನ್ನು ನೀನೇ ಉಪ್ಪಿನಕಾಯಿ ಹಾಕಿ ಇಟ್ಟುಕೋ."

ಮುಂಡಪ್ಪ ಶೆಟ್ಟರು "ಆಯ್ತು, ಆಯ್ತು" ಎಂದರು. ಆ "ಆಯ್ತು" ಎಷ್ಟು ಸಲೀಸಾಗಿ ಬಂತು ಎಂದು ಅವಳು ಆಗಲೇ ಅನುಮಾನಪಡಬೇಕಿತ್ತು.

ಅಲ್ಲಿಂದ ಶುರುವಾಯಿತು ನೋಡಿ ಚರ್ಚೆ. ಕಾರು ಕೊಡಬೇಕೇ ಬೇಡವೇ ಎಂದು ಒಬ್ಬನೂ ಕೇಳಲಿಲ್ಲ, ಯಾವ ಕಾರು ಎಂದು ಕೇಳದವನು ಒಬ್ಬನೂ ಉಳಿಯಲಿಲ್ಲ. ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ದುಬಾಯಿಯವರು ಎಲೆಕ್ಟ್ರಿಕ್ ಎಂದರು, ಮುಂಬಯಿಯವರು ಪೆಟ್ರೋಲ್ ಎಂದರು. ಅಳದಂಗಡಿಯಲ್ಲಿ ಮಳೆಗಾಲಕ್ಕೆ ಕರೆಂಟ್ ಹೋದರೆ ಚಾರ್ಜಿಗೆ ಎಂತ ಮಾಡುವುದು, ಬಂಟ್ವಾಳಕ್ಕೆ ಬಂದಾಗ ನೆರೆ ನೀರು ಬ್ಯಾಟರಿಗೆ ಹೊಕ್ಕರೆ ಎಂತ ಗತಿ ಎಂದು ಜೀವಮಾನದಲ್ಲಿ ಒಂದು ಸೈಕಲ್ಲಿನ ಚೈನು ಸರಿಮಾಡದವರೂ ಪ್ರವಚನ ಕೊಟ್ಟರು. ಲತೇಶನಿಗೆ ಎಲೆಕ್ಟ್ರಿಕ್ ಮೇಲೆ ಆಸೆ. ದಯಾನಂದ ಶೆಟ್ಟರಿಗೆ ಪೆಟ್ರೋಲಿನ ಎಸ್‌ಯುವಿಯೇ ಆಗಬೇಕು. ಎತ್ತರದಲ್ಲಿ ಕೂತರೆ ನಾಲ್ಕು ಜನ ನೋಡುತ್ತಾರೆ, ಸದ್ದಿಲ್ಲದೆ ಬಂದ ಕಾರಿಗೆ ಯಾರು ಎದ್ದು ನಿಲ್ಲುತ್ತಾರೆ ಎಂಬುದು ಅವರ ತರ್ಕ. ಇಷ್ಟೆಲ್ಲದರ ನಡುವೆ ಸುರಕ್ಷಾಳಿಗೆ ಯಾವುದು ಬೇಕು ಎಂದು ಸರಸನನ್ನು ಬಿಟ್ಟು ಒಂದು ನರಪಿಳ್ಳೆಯೂ ಕೇಳಲಿಲ್ಲ. ಸರಸ ಕೇಳಿದಾಗಲೆಲ್ಲ ಮಗಳು "ಯಾವುದಾದ್ರೂ ಆಗ್ತದೆ ಅಮ್ಮ" ಎಂದು ಎದ್ದು ಹೋಗುತ್ತಿದ್ದಳು.

ಕೊನೆಗೆ ಒಂದು ಭಾನುವಾರ ಎರಡು ಕಾರನ್ನೂ ಮುಂಡಪ್ಪ ಶೆಟ್ಟರ ಬೆಳುವಾಯಿಯ ಮನೆಗೇ ತರಿಸುವುದೆಂದಾಯಿತು, ಅಳದಂಗಡಿಯವರೂ ಅಲ್ಲಿಗೇ ಊಟಕ್ಕೆ ಬಂದರು. ಮಂಗಳೂರಿನ ಶೋರೂಮಿನವರು ತಂದು ಅಂಗಳದಲ್ಲಿ ನಿಲ್ಲಿಸಿದರು. ಪೆಟ್ರೋಲಿನದನ್ನು ತಂದವನು ಸಿನಾನ್ ಎಂಬ ಹುಡುಗ. ಎಲೆಕ್ಟ್ರಿಕ್ ಕಾರಿನಿಂದ ಇಳಿದವಳು ತಲೆಗೆ ಶಾಲು ಸುತ್ತಿದ, ಕತ್ತಿನಲ್ಲಿ ಶೋರೂಮಿನ ಗುರುತುಪಟ್ಟಿ ಹಾಕಿದ ಹುಡುಗಿ. ಅವಳನ್ನು ಕಂಡದ್ದೇ ಸರಸನ ಮುಖ ಅರಳಿತು. ಪಾಣೆಮಂಗಳೂರಿನ ಉಝ್ಮಾ! ಕ್ಲಚ್ಚು ಬಿಡಲು ಬಾರದೆ ಅತ್ತು ಅತ್ತು ಕಲಿತಿದ್ದ ಉಝ್ಮಾ ಈಗ ಇಷ್ಟು ದೊಡ್ಡ ಕಾರನ್ನು ಒಬ್ಬಳೇ ಬಿಟ್ಟುಕೊಂಡು ಬಂದಿದ್ದಳು.

ಗಂಡಸರೆಲ್ಲ ಎರಡೂ ಕಾರುಗಳ ಬಾಗಿಲು ತೆಗೆದರು, ಮುಚ್ಚಿದರು, ಚಕ್ರಕ್ಕೆ ಒದ್ದು ನೋಡಿದರು. ಮೊದಲು ದಯಾನಂದ ಶೆಟ್ಟರು ಒಂದು ಸುತ್ತು ಹೋಗಿ ಬಂದರು, ಆಮೇಲೆ ಲತೇಶ್, ಆಮೇಲೆ ಮುಂಡಪ್ಪ ಶೆಟ್ಟರು. ಸುರಕ್ಷಾ ಜಗಲಿಯ ಕಂಬಕ್ಕೆ ಒರಗಿ ನಿಂತಿದ್ದಳು. ಉಝ್ಮಾ ಕೀಲಿಯ ಬದಲಿಗಿದ್ದ ಕಾರಿನ ಕಾರ್ಡನ್ನು ಅವಳತ್ತ ಚಾಚಿದಳು.

"ಸುರಕ್ಷಕ್ಕ, ನೀವೊಂದು ರೌಂಡ್ ಬಿಡಿ."

ದಯಾನಂದ ಶೆಟ್ಟರು ನಕ್ಕರು. "ಅವಳಿಗೆ ಬರುವುದಿಲ್ಲ. ಒಂದು ಸಲ ಎಲ್ಲಿಗೋ ಗುದ್ದಿದ ಮೇಲೆ ಹೆದರಿ ಮುಟ್ಟಲೇ ಇಲ್ಲವಂತೆ. ನಮಗೆ ಅದೇ ಬೇಕಾದದ್ದು. ತಾಯಿ ಕಲಿಸುವುದು ಹೊಟ್ಟೆಪಾಡಿಗೆ, ಅದು ಬೇರೆ. ನಮ್ಮ ಮನೆಯ ಹೆಂಗಸರು ಸ್ಟೇರಿಂಗ್ ಹಿಡ್ಕೊಂಡು ಊರು ಸುತ್ತುವ ಕ್ರಮ ಇಲ್ಲ."

ಸರಸ ಅಣ್ಣನ ಕಡೆ ನೋಡಿದಳು. ಅಣ್ಣ ಅಡಿಕೆ ಮರದ ತುದಿ ನೋಡುತ್ತಿದ್ದ.

ಉಝ್ಮಾ ಪಾಪ, ಒಳಗುಟ್ಟು ತಿಳಿಯದವಳು, ನಗುತ್ತಲೇ ಹೇಳಿಬಿಟ್ಟಳು. "ಎಂತದು ಸಾರ್, ನಂಗೆ ಗೇರು ಹಾಕ್ಲಿಕ್ಕೆ ಕಲಿಸಿದ್ದೇ ಸುರಕ್ಷಕ್ಕ! ಇವರು ಇಲ್ಲದಿದ್ರೆ ನಾನು ಎರಡೇ ದಿನದಲ್ಲಿ ಬಿಟ್ಟು ಹೋಗ್ತಿದ್ದೆ."

ಎಲ್ಲರೂ ಸುರಕ್ಷಾಳನ್ನೇ ನೋಡಿದರು. ಅವಳು ಕಂಬ ಬಿಟ್ಟು ನೆಟ್ಟಗಾಗಿ, ಸೆರಗು ಸರಿಮಾಡಿಕೊಂಡು, ಉಝ್ಮಾಳ ಮುಖ ನೋಡದೆ ಹೇಳಿದಳು. "ಅದು ನಾನಲ್ಲ. ಇವರಿಗೆ ಗುರ್ತ ತಪ್ಪಿರಬೇಕು."

ಉಝ್ಮಾಳ ಕೈ ಚಾಚಿದಲ್ಲೇ ಉಳಿಯಿತು. ಆಮೇಲೆ ಅವಳು ಕಾರ್ಡನ್ನು ಹಿಂದೆ ತೆಗೆದುಕೊಂಡಳು.

ಅಣ್ಣ ಸುಳ್ಳು ಹೇಳಿದ್ದನ್ನು ಸರಸ ನುಂಗಿಕೊಳ್ಳುತ್ತಿದ್ದಳೋ ಏನೋ. ತನ್ನ ಮಾರುತಿಯಲ್ಲಿ ಬೆಳೆದ ಮಗಳು, ತಾನೇ ಕಲಿಸಿದ ಹುಡುಗಿಯ ಎದುರು ನಿಂತು ಗುರುತೇ ಇಲ್ಲವೆಂದದ್ದನ್ನು ನುಂಗುವುದು ಹೇಗೆ? ಅವಳು ಮೆಟ್ಟಲಿಳಿದು ಅಂಗಳಕ್ಕೆ ಬಂದಳು. ಸ್ವರ ಏರಿಸಲಿಲ್ಲ. ಅವಳನ್ನು ಬಲ್ಲವರಿಗೆ ಅದೇ ಹೆಚ್ಚು ಹೆದರಿಕೆ.

"ಸರಿ ದಯಾನಂದಣ್ಣ. ಹುಡುಗಿಗೆ ಡ್ರೈವಿಂಗ್ ಬರುವುದಿಲ್ಲ, ಅಲ್ವಾ? ನನ್ನ ಹತ್ತಿರ ಕಲಿಯದೆ ಹೋದವರು ಇಲ್ಲ. ಇವಳೂ ಕಲೀಲಿ. ಕಾರು ಇವಳ ಹೆಸರಿನಲ್ಲಿ ತೆಗೀತೇನೆ, ಕಲಿತ ದಿನ ಇವಳೇ ಬಿಟ್ಟುಕೊಂಡು ಅಳದಂಗಡಿಗೆ ಬರ್ತಾಳೆ. ಮದುವೆ ಆಮೇಲೆ ಇಟ್ಟುಕೊಳ್ಳುವ. ಅಲ್ಲಿವರೆಗೆ ಮದುವೆಯೂ ಇಲ್ಲ, ಕಾರೂ ಇಲ್ಲ."

"ಸರಸ!" ಎಂದು ಮುಂಡಪ್ಪ ಶೆಟ್ಟರು ಗುಡುಗಿದರು. "ನಾನು ಮಾತು ಕೊಟ್ಟಾಗಿದೆ!"

"ಮಾತು ನಿನ್ನದು, ಮಗಳು ನನ್ನವಳು. ಯಾವುದನ್ನು ಕೊಡುವುದೂ ನಿನ್ನ ಕೈಯಲ್ಲಿಲ್ಲ."

ದಯಾನಂದ ಶೆಟ್ಟರ ಮುಖ ಕೆಂಪೇರಿತು. ಅವರು ಬಾಯಿ ತೆರೆಯುವ ಮೊದಲೇ ಲತೇಶ್ ಮುಂದೆ ಬಂದ. ಕೆಟ್ಟ ಹುಡುಗನಲ್ಲ ಅವನು, ಬೆನ್ನುಮೂಳೆ ಸ್ವಲ್ಪ ಮೆತ್ತಗೆ ಅಷ್ಟೆ. ಜಗಳ ಹೇಗಾದರೂ ತಣ್ಣಗಾಗಲಿ ಎಂದು ಅವನು ನಿಜವಾದ ಕಾಳಜಿಯಿಂದಲೇ ಕೇಳಿದ. "ಸುರಕ್ಷಾ, ಕಲೀಲಿಕ್ಕೆ ನಿಂಗೆ ಎಷ್ಟು ದಿನ ಬೇಕು?"

ಸುರಕ್ಷಾ ಅವನನ್ನು ನೋಡಿದಳು. ಆ ಪ್ರಶ್ನೆಗೆ ಒಂದು ಸುಳ್ಳು ಸಾಲದು. ಇನ್ನು ಮುಂದೆ ದಿನಾ ಒಂದೊಂದು ಹೇಳಬೇಕು, ಬ್ರೇಕು ಯಾವುದು ಎಂದು ಅವನಿಂದ ಹೇಳಿಸಿಕೊಳ್ಳಬೇಕು, ಕಲಿಯುತ್ತಿರುವವಳಂತೆ ತಡವರಿಸಬೇಕು.

"ನಂಗೆ ಬರ್ತದೆ," ಎಂದಳು. ಆಮೇಲೆ ಎಲ್ಲರಿಗೂ ಕೇಳುವಂತೆ ಕಿರಿಚಿದಳು. "ಬರ್ತದೆ! ಬರುವುದಿಲ್ಲ ಅಂತ ಹೇಳು, ಇಲ್ಲದಿದ್ರೆ ಸಂಬಂಧ ತಪ್ಪೀತು ಅಂತ ಮಾವ ಹೇಳಿದ್ರು, ನಾನು ತಲೆ ಆಡಿಸಿದೆ. ಈಗ ಎಲ್ಲರಿಗೂ ಸಮಾಧಾನ ಆಯ್ತಾ?"

ಉಝ್ಮಾಳ ಕೈಯಿಂದ ಕಾರ್ಡನ್ನು ಕಸಿದುಕೊಂಡು ಅವಳು ಎಲೆಕ್ಟ್ರಿಕ್ ಕಾರಿಗೆ ಹತ್ತಿದಳು. ಲತೇಶ್ ಓಡಿಹೋಗಿ ಎಡಗಡೆಯ ಬಾಗಿಲು ತೆಗೆದು ಒಂದು ಕಾಲು ಒಳಗಿಟ್ಟ.

"ಲತೇಶ್, ಇಳಿ!" ಎಂದರು ದಯಾನಂದ ಶೆಟ್ಟರು.

ಬಾಗಿಲು ತೆರೆದಿದ್ದರೆ ಆ ಕಾರು ಮುಂದೆ ಹೋಗುವುದಿಲ್ಲ. ಕುಯ್ ಕುಯ್ ಎಂದು ಒಂದೇ ಸಮನೆ ಅರಚಿಕೊಂಡಿತು. ಲತೇಶನ ಒಂದು ಕಾಲು ಒಳಗೆ, ಒಂದು ಕಾಲು ಅಂಗಳದಲ್ಲಿ. ಸುರಕ್ಷಾ ಮುಂದಕ್ಕೇ ನೋಡುತ್ತಾ ಹೇಳಿದಳು. "ಬರುವುದಾದ್ರೆ ಬನ್ನಿ. ಇಲ್ಲದಿದ್ರೆ ಬಾಗಿಲು ಹಾಕಿ."

ಅವನು ಅಪ್ಪನನ್ನು ನೋಡಿದ. ಅವಳನ್ನು ನೋಡಿದ. ಆಮೇಲೆ ಒಳಗಿಟ್ಟ ಕಾಲನ್ನು ಹೊರಗೆ ತೆಗೆದು, ಬಹಳ ಮರ್ಯಾದೆಯಿಂದ, ಸದ್ದಾಗದ ಹಾಗೆ ಬಾಗಿಲು ಹಾಕಿದ.

ಕಾರು ಗೇಟು ದಾಟಿ ಮೂಡುಬಿದಿರೆಯ ಕಡೆ ಹೋಯಿತು. ದಯಾನಂದ ಶೆಟ್ಟರು ಊಟಕ್ಕೂ ನಿಲ್ಲದೆ ಮಗನನ್ನು ಕರೆದುಕೊಂಡು ಹೊರಟರು. ಸಿನಾನ್ ಪೆಟ್ರೋಲಿನ ಕಾರನ್ನು ವಾಪಸು ತೆಗೆದುಕೊಂಡು ಹೋದ. ಮುಂಡಪ್ಪ ಶೆಟ್ಟರು ಚಾವಡಿಯಲ್ಲಿ ಕೂತು, ಕುಟುಂಬದ ಮಾನ ತೆಗೆದವಳು ಎಂದು ತಂಗಿಗೆ ಕೇಳುವ ಹಾಗೆ ಗೋಡೆಗೆ ಬೈದರು. ಸರಸ ಅಡುಗೆಮನೆಗೆ ಹೋಗಿ, ಬೀಗರಿಗೆಂದು ಮಾಡಿದ್ದ ಕೋಳಿ ಸಾರಿನ ಪಾತ್ರೆಯ ಮುಚ್ಚಳವನ್ನು ದಡಾರನೆ ಮುಚ್ಚಿದಳು.

ಸುರಕ್ಷಾ ಹಿಂದಿರುಗಿ ಬಂದಾಗ ಅವಳ ಕಣ್ಣು ಬಾತುಕೊಂಡಿತ್ತು. ನೇರ ಅಡುಗೆಮನೆಗೆ ಬಂದು ಬಾಗಿಲಲ್ಲಿ ನಿಂತಳು.

"ನಿಂಗೆ ಈಗ ಸಂತೋಷವಾ ಅಮ್ಮ? ನಾನು ಅವನನ್ನು ಇಷ್ಟಪಟ್ಟಿದ್ದೆ."

"ಗೊತ್ತುಂಟು," ಎಂದಳು ಸರಸ. ಮಗಳನ್ನು ಅಪ್ಪಿಕೊಳ್ಳಬೇಕು ಎನಿಸಿತು. ಕೈ ಮುಂದೆ ಬರಲಿಲ್ಲ, ಸಿಟ್ಟು ಇನ್ನೂ ಇಳಿದಿರಲಿಲ್ಲ. "ಸಂತೋಷ ಇಲ್ಲ ನಂಗೆ. ಅವನು ಹೋದದ್ದಕ್ಕೆ ನೀನು ಅಳು, ಬೇಡ ಅನ್ನುವುದಿಲ್ಲ. ಆದರೆ ಅದಕ್ಕೆ ಮೊದಲು ಒಂದು ಕೆಲಸ ಉಂಟು. ಅಂಗಳದಲ್ಲಿ ಆ ಹುಡುಗಿ ಇನ್ನೂ ನಿಂತಿದ್ದಾಳೆ. ಅವಳ ಮುಖ ನೋಡಿ ಮಾತಾಡಿ ಬಾ. ಅಲ್ಲಿವರೆಗೆ ನನ್ನ ಹತ್ತಿರ ಮಾತಾಡಬೇಡ."

ಸುರಕ್ಷಾ ಮುಖ ತೊಳೆದುಕೊಂಡು, ಕಾರಿನ ಕಾರ್ಡು ಹಿಡಿದುಕೊಂಡು ಹೊರಗೆ ಹೋದಳು. ಕಿಟಕಿಯಿಂದ ನೋಡಬಾರದು ಎಂದುಕೊಂಡಿದ್ದ ಸರಸ ನೋಡಿದಳು. ಉಝ್ಮಾ ತಲೆ ತಗ್ಗಿಸಿ ಕೇಳಿಸಿಕೊಳ್ಳುತ್ತಿದ್ದಳು, ಮಗಳ ಬಾಯಿ ಆಡುತ್ತಿತ್ತು, ಏನು ಹೇಳುತ್ತಿದ್ದಾಳೆಂದು ಇಲ್ಲಿಗೆ ಕೇಳಿಸುತ್ತಿರಲಿಲ್ಲ. ಸ್ವಲ್ಪ ಹೊತ್ತಿನ ನಂತರ ಇಬ್ಬರೂ ಒಟ್ಟಿಗೆ ಒಳಗೆ ಬಂದರು. ಸರಸ ಮೂರು ಬಟ್ಟಲು ತೆಗೆದು ಕೋಳಿ ಸಾರು ಬಡಿಸಲು ಕೂತಳು.