ತಂತಿಗಳ ಹೊರಗಿನಿಂದ

ಡ್ರೈವಿಂಗ್ ಸ್ಕೂಲಿನಲ್ಲಿ ಅವಳಿಗೆ ಬಿದ್ದ ಹೆಸರು ಬ್ರೇಕ್ ಮೇಡಂ. ಕಲಿಯುವವರು ಎಷ್ಟೇ ಗಾಬರಿಬಿದ್ದರೂ ಪಕ್ಕದ ಸೀಟಿನಲ್ಲಿ ಕೂತ ಅವಳು ಕಾಲಡಿಯ ಎರಡನೇ ಬ್ರೇಕನ್ನು ಹದವಾಗಿ ಒತ್ತಿ, "ಉಸಿರು ಬಿಡಿ, ಮತ್ತೆ ಶುರು ಮಾಡೋಣ" ಎನ್ನುತ್ತಿದ್ದಳು. ಅಂಥವಳು ನಲವತ್ತು ದಾಟಿದ ಮೇಲೆ ಬ್ರೇಕೇ ಇಲ್ಲದ ದೋಣಿಗೆ ಕಾಲಿಟ್ಟದ್ದು ನಾದಿನಿಯ ದೆಸೆಯಿಂದ.

ನಾದಿನಿ ಹಲ್ಲಿನ ಡಾಕ್ಟರು. ಯಾರೋ ಓಡಿಸಿ ಬಿಟ್ಟಿದ್ದ ಪಂದ್ಯದ ಪುಟ್ಟ ಹಾಯಿದೋಣಿಯೊಂದನ್ನು ಕೊಂಡು, ಜೊತೆಗೆ ಬಾ ಎಂದು ಮೊದಲು ಕರೆದದ್ದು ತನ್ನ ಅಣ್ಣನನ್ನು. ಅಣ್ಣನಿಗೆ ನೀರು ಬಕೆಟ್ಟಿನಲ್ಲಿದ್ದರಷ್ಟೇ ಸಮಾಧಾನ. "ನಿಮ್ಮತ್ತಿಗೇನ ಕರ್ಕೊಂಡ್ಹೋಗು, ಅವಳಿಗೆ ಯಾವುದಕ್ಕೂ ಹೆದರಿಕೆ ಇಲ್ಲ" ಎಂದು ಮೆಲ್ಲಗೆ ಜಾರಿಕೊಂಡ.

ಚುಕ್ಕಾಣಿ ನಾದಿನಿಯದು, ಹಗ್ಗಗಳೆಲ್ಲ ಅತ್ತಿಗೆಯವು ಎಂದಾಯಿತು. ಮೊದಲ ದಿನ ನಾದಿನಿ "ಶೀಟ್ ಎಳೀರಿ ಅತ್ತಿಗೆ" ಎಂದಾಗ ಅವಳು ಹಾಯಿಯ ಬಟ್ಟೆಯನ್ನೇ ಹಿಡಿದು ಜಗ್ಗಿದಳು.

"ಅದಲ್ಲ. ಶೀಟ್ ಅಂದ್ರೆ ಹಾಯಿಯ ಮೂಲೆಗೆ ಕಟ್ಟಿರೋ ಹಗ್ಗ."

"ಹಗ್ಗಕ್ಕೆ ಹಗ್ಗ ಅನ್ನೋಕೆ ನಿನಗೇನು ಕಷ್ಟ?" ಎಂದಳು ಅತ್ತಿಗೆ.

ಕಷ್ಟ ಶುರುವಾದದ್ದು ಸ್ಪಿನ್ನಕರ್ ಬಂದಾಗ. ಗಾಳಿ ಬೆನ್ನಿಗಿರುವಾಗ ದೋಣಿಯ ಮುಂದೆ ಬಲೂನಿನಂತೆ ಉಬ್ಬುವ ದೊಡ್ಡ ಹಾಯಿ ಅದು. ಹ್ಯಾಲ್ಯಾರ್ಡ್ ಎಂಬ ಹಗ್ಗ ಅದನ್ನು ಕಂಬದ ಮೇಲಕ್ಕೆ ಎಳೆಯುತ್ತದೆ. ಕೆಳಗಿನ ಎರಡು ಮೂಲೆಗಳ ಶೀಟುಗಳು ಅದನ್ನು ಹತೋಟಿಯಲ್ಲಿಡುತ್ತವೆ. ಕಂಬವನ್ನು ನಿಲ್ಲಿಸಲು ಮುಂದೊಂದು, ಅಕ್ಕಪಕ್ಕ ಒಂದೊಂದು ತಂತಿ ಬಿಗಿದಿರುತ್ತಾರೆ. ಈ ಹಗ್ಗಗಳೆಲ್ಲ ಆ ತಂತಿಗಳ ಹೊರಗಿನಿಂದಲೇ ಬರಬೇಕು. ಮೊದಲ ಪಂದ್ಯದ ಅವಸರದಲ್ಲಿ ಅವಳು ಎಡಗಡೆಯ ಶೀಟನ್ನು ಒಳಗಿನಿಂದ ಹಾಯಿಸಿಬಿಟ್ಟಿದ್ದಳು. ಮೇಲೇರಿದ ಹಾಯಿ ಅರ್ಧ ಬಿಚ್ಚಿ, ತಂತಿಗೆ ಸುತ್ತಿಕೊಂಡು, ಹಿಂಡಿದ ಬಟ್ಟೆಯಂತಾಯಿತು. ಬಿಡಿಸಲು ಎದ್ದದ್ದೇ ತಡ, ದೋಣಿ ಮಗುಚಿತು. ಕೊನೆಯವರಾಗಿ ದಡ ಸೇರಿದಾಗ ಇಬ್ಬರ ತಲೆಯಿಂದಲೂ ನೀರು ತೊಟ್ಟಿಕ್ಕುತ್ತಿತ್ತು.

ಆ ವಾರ ನಾದಿನಿ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತು ಹೇಳಿದಳು: "ಬೇಜಾರು ಮಾಡ್ಕೋಬೇಡಿ ಅತ್ತಿಗೆ. ದೋಣಿ ಕ್ಲಬ್ಬಲ್ಲಿ ಒಬ್ಬಳು ಇದಾಳೆ, ಚಿಕ್ಕ ವಯಸ್ಸಿಂದ ಹಾಯಿ ಎಳೆದು ಅಭ್ಯಾಸ. ದೊಡ್ಡ ಪಂದ್ಯಕ್ಕೆ ಅವಳನ್ನ ಕೇಳೋಣ ಅಂತ."

ಬೇಜಾರಾಗದೆ ಇರಲಿಲ್ಲ. ಆದರೆ ಅವಳು ಪಾತ್ರೆ ತೊಳೆಯುವುದನ್ನು ನಿಲ್ಲಿಸಲಿಲ್ಲ. "ಕೇಳು. ಅದಕ್ಕೆ ಮುಂಚೆ ಭಾನುವಾರ ಒಂದಿನ ನನಗೆ ಕೊಡು. ನೀರಲ್ಲಲ್ಲ, ನೆಲದ ಮೇಲೆ."

ಭಾನುವಾರ ಕ್ಲಬ್ಬಿನ ಹುಲ್ಲಿನ ಮೇಲೆ, ಚಕ್ರದ ಗಾಡಿಯಲ್ಲೇ ದೋಣಿಯನ್ನು ನಿಲ್ಲಿಸಿಕೊಂಡು ಅವಳು ಹಳೆಯ ಹಗ್ಗಗಳನ್ನೆಲ್ಲ ಬಿಚ್ಚಿ ಹಾಕಿದಳು. ಎಡಕ್ಕೆ ಕೆಂಪು, ಬಲಕ್ಕೆ ಹಸಿರು ಹಗ್ಗ ತಂದಿದ್ದಳು. ಒಂದೊಂದರ ತುದಿಯನ್ನೂ ಮುಷ್ಟಿಯಲ್ಲಿ ಹಿಡಿದು ದೋಣಿಯ ಸುತ್ತ ನಡೆದಳು. ತಂತಿ ಸಿಕ್ಕಿದಲ್ಲೆಲ್ಲ ಅದನ್ನು ಇನ್ನೊಂದು ಕೈಯಿಂದ ಮುಟ್ಟಿ, ಹಗ್ಗ ಹೊರಗಿದೆ ಎಂದು ಖಾತ್ರಿ ಮಾಡಿಕೊಂಡೇ ಮುಂದಿನ ಹೆಜ್ಜೆ. ಹಾಯಿಯ ಮೂಲೆಗಳಿಗೆ, ಎಳೆದಷ್ಟೂ ಜಾರದ, ಆದರೆ ಬೇಕೆಂದಾಗ ಬೆರಳಲ್ಲೇ ಬಿಚ್ಚಬಹುದಾದ ಕುಣಿಕೆ ಹಾಕಿದಳು. ಆಮೇಲೆ ಹಾಯಿಯನ್ನು ಏರಿಸಿದಳು, ಇಳಿಸಿದಳು, ಮತ್ತೆ ಏರಿಸಿದಳು. ಇಳಿಸುವಾಗ ಎರಡು ಸಲ ಹ್ಯಾಲ್ಯಾರ್ಡ್ ಕಾಲಡಿ ಸಿಕ್ಕುಬಿತ್ತು. ಅದನ್ನು ಸುರುಳಿ ಸುತ್ತುವುದು ಬಿಟ್ಟು ಒಂದು ಚೀಲದೊಳಕ್ಕೆ ಸಡಿಲವಾಗಿ ತುಂಬಿದಾಗ ನೀರಿನಂತೆ ಹರಿದು ಹೋಯಿತು. ಅಂಗೈ ಕೆಂಪಾಗಿ ಉರಿಯುತ್ತಿತ್ತು.

"ಸಾಕು ಬನ್ನಿ, ಹಸಿವಾಗ್ತಿದೆ" ಎಂದಳು ನಾದಿನಿ.

"ಕಣ್ಣು ಮುಚ್ಕೊಂಡು ಒಂದ್ಸಲ ಮಾಡ್ತೀನಿ, ಆಮೇಲೆ ಹೋಗೋಣ."

ಕಣ್ಣು ಮುಚ್ಚಿಯೇ ಏರಿಸಿದಳು, ಇಳಿಸಿದಳು. ನಾದಿನಿ ಹಾಯಿಯನ್ನು ಮಡಚತೊಡಗಿದಳು. ಕ್ಲಬ್ಬಿನ ಹುಡುಗಿಯ ಸುದ್ದಿ ಮತ್ತೆ ಎತ್ತಲಿಲ್ಲ.

ದೊಡ್ಡ ಪಂದ್ಯದ ದಿನ ಗಾಳಿ ಗಡುಸಾಗಿತ್ತು. ತಿರುವಿನ ಗುರುತಿಗೆಂದು ನೀರಲ್ಲಿ ತೇಲಿಬಿಟ್ಟಿದ್ದ ಮೊದಲ ಬುರುಡೆ ಸುತ್ತಿ ಗಾಳಿ ಬೆನ್ನಿಗೆ ಬಂದಾಗ ಅವರ ಮುಂದೆ ಐದು ದೋಣಿಗಳಿದ್ದವು. ಅವಳು ಹ್ಯಾಲ್ಯಾರ್ಡ್ ಹಿಡಿದು ಕೈ ಮೇಲೆ ಕೈ ಎಳೆದಳು. ಹಾಯಿ ಒಂದೇ ಉಸಿರಿಗೆ ಮೇಲೇರಿತು. ಒಂದು ಮೂಲೆಯನ್ನು, ಹಾಯಿಯನ್ನು ಹೊರಕ್ಕೆ ಚಾಚಿ ಹಿಡಿಯುವ ಕೋಲಿನ ತುದಿಗೆ ಸಿಕ್ಕಿಸಿ ಹಸಿರು ಹಗ್ಗ ಬಿಗಿದದ್ದೇ ಫಟ್ಟೆಂದು ಉಬ್ಬಿತು. ದೋಣಿ ಮುಂದಕ್ಕೆ ನೆಗೆಯಿತು. ಒಂದು ದೋಣಿ ಹಿಂದೆ ಬಿತ್ತು, ಮತ್ತೊಂದು.

ಮುಂದಿನ ಬುರುಡೆ ಹತ್ತಿರವಾಗುತ್ತಿತ್ತು. ಅಲ್ಲಿ ಮತ್ತೆ ಗಾಳಿಗೆ ಎದುರಾಗಿ ತಿರುಗುವಷ್ಟರಲ್ಲಿ ಈ ಹಾಯಿ ಕೆಳಗಿರಬೇಕು. ಮುಂದಿನವರು ಒಬ್ಬೊಬ್ಬರಾಗಿ ಇಳಿಸತೊಡಗಿದರು.

"ಇಳಿಸಿ ಅತ್ತಿಗೆ."

"ಇನ್ನೂ ಇಲ್ಲ."

"ಅತ್ತಿಗೆ, ಗುದ್ಕೋತೀವಿ."

"ಗುದ್ಕೊಳ್ಳಲ್ಲ. ನೀನು ನೇರ ಹಿಡಿ, ಉಸಿರು ಬಿಡು." ಕಾರಿನಲ್ಲಿ ಕೂತಾಗಿನ ಅದೇ ದನಿ. ಇಳಿಸಲು ಎಷ್ಟು ಹೊತ್ತು ಬೇಕೆಂದು ಅವಳ ಕೈಗೆ ಗೊತ್ತಿತ್ತು. ಹಾಯಿ ಮಡಚುತ್ತಿದ್ದ ಇನ್ನೊಂದು ದೋಣಿಯ ಪಕ್ಕದಿಂದ ನುಗ್ಗಿದ ಮೇಲೆ, "ಈಗ" ಎಂದು ತಾನೇ ಹೇಳಿಕೊಂಡು ಹ್ಯಾಲ್ಯಾರ್ಡ್ ಬಿಟ್ಟಳು. ಹಗ್ಗ ಚೀಲದಿಂದ ಸರ್ರನೆ ಹರಿಯಿತು. ಬಟ್ಟೆಯನ್ನು ಬಾಚಿ ಮಡಿಲಿಗೆ ತುಂಬಿಕೊಂಡಾಗ ಬುರುಡೆ ಕೈಗೆಟಕುವಷ್ಟು ಹತ್ತಿರದಲ್ಲಿ ದಾಟಿ ಹೋಯಿತು.

ಮೂರನೆಯವರಾಗಿ ಮುಗಿಸಿದರು. ದಡಕ್ಕೆ ಬಂದ ಮೇಲೆ ನಾದಿನಿ ದೋಣಿಯನ್ನು ಗಾಡಿಗೆ ಏರಿಸತೊಡಗಿದಳು. "ಇನ್ನೊಂದು ಗಳಿಗೆ ತಡ ಆಗಿದ್ರೆ ನಾನೇ ನೀರಿಗೆ ಹಾರಿಬಿಡ್ತಿದ್ದೆ" ಎಂದಳು.

"ನನಗೂ ಜೀವ ಬಾಯಿಗೆ ಬಂದಿತ್ತು ಕಣೇ. ಆದ್ರೆ ಹಗ್ಗದ ಮೇಲೆ ನಂಬಿಕೆ ಇತ್ತು."

ಆ ವರ್ಷ ಅವರು ಇನ್ನೂ ಕೆಲವು ಪಂದ್ಯಗಳಲ್ಲಿ ಓಡಿದರು. ಒಂದರಲ್ಲಿ ಹಾಯಿ ಹರಿಯಿತು, ಇನ್ನೊಂದರಲ್ಲಿ ಗೆದ್ದರು. ಗೆದ್ದ ದಿನ ಗಂಡನೂ ಬಂದಿದ್ದ, ನೀರಿನಿಂದ ಮಾರು ದೂರದಲ್ಲಿ ನಿಂತು ಚಪ್ಪಾಳೆ ತಟ್ಟಿದ.