ರನ್‌ವೇಗೆ ಬಿದ್ದ ಹಿಂಡು

ನನ್ನ ಸೋದರತ್ತೆಗೆ ಬಲಗಿವಿ ಕೇಳಿಸುತ್ತಿರಲಿಲ್ಲ. ವಿಮಾನ ನಿಲ್ದಾಣದಲ್ಲಿ ಹಕ್ಕಿ ಓಡಿಸುವ ಕೆಲಸ ಅವಳದು. ವರ್ಷಗಟ್ಟಲೆ ಆ ಕಿವಿಯ ಪಕ್ಕದಲ್ಲೇ ಕೋವಿ ಸಿಡಿದು ಒಳಗಿನ ಪೊರೆ ಹರಿದುಹೋಗಿತ್ತು. ಹಾಗಾಗಿ ಮನೆಯಲ್ಲೂ ಕಿರುಚಿಯೇ ಮಾತಾಡುತ್ತಿದ್ದಳು. "ನಿಮ್ಮತ್ತೆಗೆ ಗುಟ್ಟು ಹೇಳೋದೂ ಒಂದೇ, ಮೈಕ್ ಹಿಡ್ಕೊಂಡು ಕೂಗೋದೂ ಒಂದೇ" ಅಂತ ಮಾವ ನಗುತ್ತಿದ್ದರು. ನಿಲ್ದಾಣದಲ್ಲಿ ಎಲ್ಲರ ಬಾಯಲ್ಲೂ ಅವಳು ಪಟಾಕಿ.

ಬೆಳಕು ಹರಿಯುತ್ತಲೇ ಜೀಪು ಹತ್ತಿ ರನ್‌ವೇ ಉದ್ದಕ್ಕೂ ಹೋಗುವಳು. ಹುಲ್ಲಿನಲ್ಲಿ ಕೂತ ಹಿಂಡಿನ ಮೇಲೆ ಬರೀ ಸದ್ದು ಮಾಡುವ ತೋಟೆ ಹಾರಿಸುವಳು. ಅದಕ್ಕೂ ಜಗ್ಗದ ಹದ್ದಿಗೆ ನಿಜವಾದ ಗುಂಡು. ರೆಕ್ಕೆ ಮುರಿದು ಒದ್ದಾಡುವ ಹಕ್ಕಿ ಸಿಕ್ಕರೆ ಕುತ್ತಿಗೆ ತಿರುಚಿ ಅಲ್ಲೇ ಮುಗಿಸಿಬಿಡುವಳು. "ಅಯ್ಯೋ ಪಾಪ ಅಂತ ನೋಡ್ತಾ ನಿಂತ್ರೆ ಹಿಂಸೆ ಅದಕ್ಕೇ ಅಲ್ವೇನೇ?" ಅನ್ನುವಳು.

ಆ ಕೈ ಅಷ್ಟು ಗಟ್ಟಿಯಾಗಲು ಕಾರಣವಿತ್ತು. ಅವಳು ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಸಣ್ಣ ವಿಮಾನದ ಇಂಜಿನ್ನಿಗೆ ಕೊಕ್ಕರೆಗಳು ನುಗ್ಗಿ, ಅದು ಬೇಲಿಗೆ ಗುದ್ದಿ ಹೊತ್ತಿಕೊಂಡಿತು. ಪೈಲಟ್‌ನನ್ನು ಹೊರಗೆಳೆದವರಲ್ಲಿ ಅತ್ತೆಯೂ ಒಬ್ಬಳು. ತೋಳು ಹಿಡಿದು ಎಳೆದರೆ ಚರ್ಮ ಮಾತ್ರ ಕೈಗೆ ಬಂತಂತೆ. ಅಲ್ಲೇ ಫೈರ್ ಇಂಜಿನ್ ಓಡಿಸುತ್ತಿದ್ದ ನನ್ನಪ್ಪ, ಅಂದರೆ ಅವಳ ಅಣ್ಣ, ಆಮೇಲೆ ವಾರಗಟ್ಟಲೆ ಸರಿಯಾಗಿ ಊಟ ಮಾಡಲಿಲ್ಲ. ಅತ್ತೆ ಮಾರನೆಯ ದಿನವೇ ಕೋವಿ ಹಿಡಿದು ಹೊರಟಳು.

ನಿಲ್ದಾಣದ ಬೇಲಿಯಾಚೆ ಕೆಸರು ಬಯಲು, ಅದರಾಚೆ ಕಡಲು. ಚಳಿ ಶುರುವಾಗುವ ಮುಂಚೆ ಉದ್ದ ಕೊಕ್ಕಿನ ಕಂದು ಹಕ್ಕಿಗಳು ಆ ಕೆಸರಿಗೆ ಬಂದಿಳಿದು, ಕೆಲವು ದಿನ ಮೇಯ್ದು ಮತ್ತೆ ದಕ್ಷಿಣಕ್ಕೆ ಹೊರಡುತ್ತಿದ್ದವು. ಅವನ್ನು ಎಣಿಸಲು ಬರುತ್ತಿದ್ದ ಒಬ್ಬ ಮೇಡಂ ಅತ್ತೆಗೆ ಅವುಗಳ ಕತೆ ಹೇಳಿದ್ದರು. ಹಿಮದ ನಾಡಿನಿಂದ ಹೊರಟರೆ ಕಡಲು ಮುಗಿಯುವವರೆಗೂ ಅವು ಎಲ್ಲೂ ಇಳಿಯುವುದಿಲ್ಲ. ತಿನ್ನುವುದಿಲ್ಲ, ಕುಡಿಯುವುದಿಲ್ಲ. ಹೊರಡುವ ಮುಂಚೆ ಮೈತುಂಬ ಕೊಬ್ಬು ಕಟ್ಟಿಕೊಂಡು, ಭಾರ ಕಡಿಮೆಯಾಗಲೆಂದು ಕರುಳನ್ನೇ ಕುಗ್ಗಿಸಿಕೊಳ್ಳುತ್ತವೆ. ಕೊಬ್ಬು ತೀರಿದರೆ ತಮ್ಮ ಮಾಂಸವನ್ನೇ ಕರಗಿಸಿಕೊಂಡು ಹಾರುತ್ತವೆ.

"ದಾರಿ ಹೇಗೆ ಗೊತ್ತಾಗುತ್ತೆ ಮೇಡಂ?"

"ಸೂರ್ಯ, ನಕ್ಷತ್ರ, ಭೂಮಿಯ ಕಾಂತಶಕ್ತಿ... ಪೂರ್ತಿ ನಮಗೂ ಗೊತ್ತಿಲ್ಲ. ಮರಿಗಳನ್ನ ಅಲ್ಲೇ ಬಿಟ್ಟು ದೊಡ್ಡವು ಮೊದಲೇ ಹೊರಟುಬಿಡ್ತವೆ. ಮರಿಗಳು ಕಾಣದ ದಾರೀಲಿ ತಾವೇ ಹಿಂದೆ ಬರ್ತವೆ."

"ನಮ್ಮನೆಯವ್ರು ತರಕಾರಿ ತರೋಕೆ ಹೋದ್ರೆ ಮೂಲೆ ಅಂಗಡಿಯಿಂದ ದಾರಿ ಕೇಳೋಕೆ ಫೋನ್ ಮಾಡ್ತಾರೆ" ಅಂದಳಂತೆ ಅತ್ತೆ.

ಆ ವರ್ಷ ಹಕ್ಕಿಗಳು ಬರುವ ಹೊತ್ತಿಗೇ ಕಡಲಿನ ಮೇಲೆ ಬಿರುಗಾಳಿ ಎದ್ದಿತು. ಮಧ್ಯಾಹ್ನ ಮಳೆ ಒಂದಿಷ್ಟು ಬಿಡುವು ಕೊಟ್ಟಾಗ ಅವು ಬಂದವು. ಇಳಿಯಲಿಲ್ಲ, ಉದುರಿದವು. ಎದುರುಗಾಳಿಗೆ ಇದ್ದಬದ್ದ ಶಕ್ತಿಯೆಲ್ಲ ಸೋರಿ, ಕೆಸರಿನವರೆಗೂ ಹೋಗಲಾರದೆ, ಒದ್ದೆ ರನ್‌ವೇ ತುಂಬ ಬಿದ್ದುಕೊಂಡವು. ಕೆಲವು ಎದೆ ಒಡೆದು ಬಿದ್ದಲ್ಲೇ ಸತ್ತವು. ಅತ್ತೆ ತೋಟೆ ಹಾರಿಸಿದಳು. ಮೊಣಕಾಲೆತ್ತರ ಎದ್ದು ಮತ್ತೆ ಬಿದ್ದವು. ಇನ್ನೊಂದು ಹಾರಿಸಿದಳು. ಈ ಸಲ ಏಳಲೂ ಇಲ್ಲ. ಒಂದನ್ನು ಕೈಗೆತ್ತಿಕೊಂಡರೆ ಎದೆಮೂಳೆ ಚಾಕುವಿನಂತೆ ಬೆರಳಿಗೆ ಚುಚ್ಚಿತು. ಮೈಮೇಲೆ ಮಾಂಸವೇ ಇರಲಿಲ್ಲ.

ಅಷ್ಟರಲ್ಲಿ ರೇಡಿಯೋದಲ್ಲಿ ಟವರಿನವರ ಕೂಗು. ತುಂಬಿದ ವಿಮಾನವೊಂದು ಬರುತ್ತಿದೆ. ಪಕ್ಕದ ನಿಲ್ದಾಣ ಬಿರುಗಾಳಿಗೆ ಮುಚ್ಚಿದೆ. ಇಂಧನ ತಳ ಕಂಡಿದೆ, ಇನ್ನು ಸುತ್ತು ಹಾಕುವಂತಿಲ್ಲ. ಎದುರಿಗೆ ಬಂದ ವಿಮಾನದ ಗಾಳಿಗೆ ಈ ಹಿಂಡು ಒಮ್ಮೆ ಮೇಲೆದ್ದರೂ ಸಾಕು, ಎರಡೂ ಇಂಜಿನ್ ಹಕ್ಕಿಗಳನ್ನು ನುಂಗಿ ನಿಂತುಬಿಡುತ್ತವೆ.

ಅತ್ತೆ ಓಡಿಹೋಗಿ ಫೈರ್ ಇಂಜಿನ್ ಹತ್ತಿದಳು. "ಅಣ್ಣಾ, ನೀರು ಬಿಡು. ಪೂರ್ತಿ ಜೋರಿಗೆ. ಎಲ್ಲಾನೂ ಹುಲ್ಲಿಗೆ ತಳ್ಳಬೇಕು."

"ತಲೆ ಕೆಟ್ಟಿದೆಯಾ? ಈ ನೀರಿನ ಏಟಿಗೆ ಗೋಡೆಯೇ ಬೀಳುತ್ತೆ. ಪೊರಕೆ ತರಿಸೋಣ, ಜನ ಸೇರಿಸೋಣ..."

"ಹೊತ್ತಿಲ್ಲ ಕಣೋ!"

"ಅವಕ್ಕೆ ಜೀವ ಇದೆ ಕಣೇ. ನನ್ನ ಕೈಲಾಗಲ್ಲ."

ಅತ್ತೆ ಕೋವಿಯ ಹಿಡಿಯಿಂದ ಅವನ ಬಾಯಿಗೆ ಬಾರಿಸಿದಳು. ಮುಂದಿನ ಹಲ್ಲು ಮುರಿದು ಸ್ಟೀರಿಂಗ್ ಮೇಲೆ ರಕ್ತ ಚಿಮ್ಮಿತು. "ಮೇಲಿರೋರಿಗೆ ಜೀವ ಇಲ್ವಾ? ಓಡಿಸು!"

ಅಪ್ಪ ಓಡಿಸಿದ. ಅತ್ತೆ ನೀರು ಚಿಮ್ಮುವ ನಳಿಕೆಯ ಹಿಡಿ ತಿರುವಿದಳು. ನೀರಿನ ಹೊಡೆತಕ್ಕೆ ಹಕ್ಕಿಗಳು ಕಸದಂತೆ ಉರುಳಿದವು. ರೆಕ್ಕೆಗಳು ಕಿತ್ತುಬಂದವು, ತೆಳ್ಳನೆಯ ಕಾಲುಗಳು ಮುರಿದವು, ಒಂದರ ಮೇಲೊಂದು ರಾಶಿಯಾಗಿ ಹುಲ್ಲಿಗೆ ಬಿದ್ದವು. ನೀರಿನ ಅಬ್ಬರದ ನಡುವೆಯೂ ಅವುಗಳ ಚೀರಾಟ ಕೇಳುತ್ತಿತ್ತಂತೆ. ನೀರಿಗೆ ಸಿಗದವು ಚಕ್ರದಡಿ ಸಿಕ್ಕವು. ಅಪ್ಪ ಬಿಕ್ಕುತ್ತಾ, ಅಂಗಿಯ ಮೇಲೆ ರಕ್ತ ಉಗುಳುತ್ತಾ, ಗಾಡಿಯನ್ನು ಮಾತ್ರ ನೇರ ಓಡಿಸಿದ. ರನ್‌ವೇ ತುದಿ ಮುಟ್ಟಿ ಪಕ್ಕಕ್ಕೆ ಸರಿದಿದ್ದರು ಅಷ್ಟೇ, ವಿಮಾನ ಇಳಿಯಿತು. ಒಂದು ಹಕ್ಕಿ ಮೂತಿಗೆ ಬಡಿದು ಚಚ್ಚಿಹೋಯಿತು. ಇಂಜಿನ್ನುಗಳಿಗೆ ಏನೂ ಆಗಲಿಲ್ಲ.

ಮೆಟ್ಟಿಲಿಳಿದ ಪ್ರಯಾಣಿಕರಲ್ಲಿ ಒಬ್ಬ ಹೆಂಗಸು ಹುಲ್ಲಿನ ಮೇಲಿನ ರಾಶಿಯನ್ನೂ, ಮೈಯೆಲ್ಲ ರಕ್ತ ಪುಕ್ಕ ಮೆತ್ತಿಕೊಂಡ ಅತ್ತೆಯನ್ನೂ ಕಂಡು, "ಕಟುಕಿ!" ಅಂತ ಚೀರಿದಳು. ಅತ್ತೆ ತಿರುಗಿ ನೋಡಲಿಲ್ಲ. ರಾಶಿಯಲ್ಲಿ ಕೈಹಾಕಿ ಉಸಿರಾಡುವವನ್ನು ಬೇರೆ ಮಾಡುತ್ತಿದ್ದಳು. ಉಳಿಯಲಾರದವನ್ನು ಅಲ್ಲೇ ಮುಗಿಸಿದಳು. ಉಳಿದವನ್ನು ಸಾಮಾನು ಹೊರುವವರ ಜೊತೆ ಬುಟ್ಟಿಗಳಲ್ಲಿ ಹೊತ್ತು ಬೇಲಿಯಾಚೆಯ ಕೆಸರಿಗೆ ಬಿಟ್ಟಳು. ಅಪ್ಪನೂ ಬಾಯಿಗೆ ಬಟ್ಟೆ ಒತ್ತಿಕೊಂಡು ಹೊತ್ತ.

ರಕ್ತದ ವಾಸನೆಗೆ ಬೀದಿನಾಯಿಗಳು ಬಂದವು. ಅಲುಗಾಡಲಾರದ ಹಕ್ಕಿಗಳನ್ನು ಕಚ್ಚಿ ಕೊಡವತೊಡಗಿದವು. ಮೇಲಿಂದ ಕಾಗೆಗಳು ಎರಗಿ ಜೀವವಿರುವಾಗಲೇ ಕಣ್ಣು ಕುಕ್ಕಿದವು. ಅತ್ತೆ ಕೆಸರಿನಲ್ಲಿ ನಿಂತು ಬಾಯಿಗೆ ಬಂದಂತೆ ಬೈಯುತ್ತಾ ತೋಟೆ ಹಾರಿಸಿದಳು. ದೊಡ್ಡ ನಾಯಿಯೊಂದು ಹಿಂದಿನಿಂದ ಬಂದು ಮೀನಖಂಡಕ್ಕೆ ಬಾಯಿ ಹಾಕಿತು. ಮಾಂಸ ಹರಿದರೂ ಬಿಡಲಿಲ್ಲ. ಅತ್ತೆ ಗುಂಡು ತುಂಬಿ ಅದರ ತಲೆಗೇ ಹೊಡೆದಳು. ಮಿಕ್ಕವು ಓಡಿದವು.

ಹೊಲಿಗೆ, ಚುಚ್ಚುಮದ್ದು ಹಾಕಿಸಿಕೊಂಡ ಅತ್ತೆ ಮನೆಗೆ ಬರದೆ ಮತ್ತೆ ಕೆಸರಿಗೇ ಹೋದಳು. ಆಮೇಲಿನ ದಿನಗಳಲ್ಲಿ ಹಕ್ಕಿಗಳು ಮೊದಮೊದಲು ಕೂತಲ್ಲೇ ಕೊಕ್ಕು ಚುಚ್ಚಿ ಹುಳ ತಿಂದವು. ಆಮೇಲೆ ನಡೆದವು. ಕೆಲವು ಸುಮ್ಮನೆ ಸತ್ತವು. ಅಪ್ಪ ಪಾಳಿ ಮುಗಿದ ಮೇಲೆ ಊಟದ ಡಬ್ಬಿ ಹಿಡಿದು ಬಂದು ಅವಳ ಪಕ್ಕ ಕೂತ. ತುಟಿ ಇನ್ನೂ ಊದಿತ್ತು.

"ನಾನು ಒಬ್ನೇ ಆಗಿದ್ರೆ ವಿಮಾನ ಬೀಳಿಸಿಬಿಡ್ತಿದ್ದೆ ಕಣೇ" ಅಂದ.

"ನಾನು ಹೊಡೆದ ಮೇಲೂ ನೀನು ಇಳಿದು ಹೋಗಬಹುದಿತ್ತು" ಅಂದಳು ಅತ್ತೆ. "ಹೋಗ್ಲಿಲ್ಲ." ಆಮೇಲೆ ಡಬ್ಬಿ ಬದಿಗಿಟ್ಟು ಜೋರಾಗಿ ಅತ್ತಳು. ಅವಳು ಅತ್ತಿದ್ದನ್ನು ಅಪ್ಪ ನೋಡಿದ್ದು ಅದೊಂದೇ ಸಲ.

ಗಾಳಿ ತಿರುಗಿದ ದಿನ ಹಿಂಡು ಎದ್ದಿತು. ಬಂದದ್ದರಲ್ಲಿ ಕಾಲುಭಾಗವೂ ಇರಲಿಲ್ಲ. ಕೆಸರಿನ ಮೇಲೆ ಒಂದು ಸುತ್ತು ತಿರುಗಿ, ನೇರ ತೆಂಕಣಕ್ಕೆ ಕಡಲ ಮೇಲೆ ಹೊರಟವು. ದೊಡ್ಡವುಗಳ ಹಿಂದೆ ತಾನೇ ಬಂದು ಸೇರಿದ್ದ ಒಂದು ಮರಿ ಮಾತ್ರ ಕೊನೆಗೆ ಉಳಿಯಿತು. ಅದನ್ನು ಎತ್ತಿ ಹಾರಿಸಲು ಅಪ್ಪ ಕೈ ಚಾಚಿದ.

"ಮುಟ್ಟಬೇಡ" ಅಂದಳು ಅತ್ತೆ.

ಮರಿ ಅಷ್ಟು ದೂರ ಓಡಿ, ರೆಕ್ಕೆ ಬಿಚ್ಚಿ, ಒಂಟಿಯಾಗಿ ಅದೇ ದಿಕ್ಕಿಗೆ ಹೋಯಿತು.